ಕ್ಯಾಮೆರಾ ಫ್ಲಾಶ್‌ಗೆ ಹೊರ ಬ್ಯಾಟರಿ: ಕೊಳ್ಳುವ, ಮಾರುವ, ತಯಾರಿಸುವ ಮುನ್ನ ಅರಿಯಬೇಕಾದದ್ದು

ವಿವಾಹದ ಛಾಯಾಗ್ರಹಣವು ಇಂದು ಬೆಂಗಳೂರು ಉತ್ತರ ಭಾಗದಲ್ಲಿ ಗಣನೀಯವಾದ ಒಂದು ಸೇವಾ ಉದ್ದಿಮೆಯಾಗಿ ಬೆಳೆದಿದೆ. ಅರಮನೆ ಮೈದಾನದ ವಿಶಾಲ ಆವರಣಗಳು, ಆರ್.ಟಿ. ನಗರ ಹಾಗೂ ಯಶವಂತಪುರದ ಕಲ್ಯಾಣ ಮಂಟಪಗಳು, ಹೆಬ್ಬಾಳದಿಂದಾಚೆಗೆ ಯಲಹಂಕ, ದೊಡ್ಡಬಳ್ಳಾಪುರ ರಸ್ತೆ ಮತ್ತು ದೇವನಹಳ್ಳಿಯ ಕಡೆಗೆ ಹಬ್ಬಿರುವ ಬಯಲು ಸಭಾಂಗಣಗಳು ವರ್ಷದ ಬಹುಪಾಲು ತಿಂಗಳು ತುಂಬಿರುತ್ತವೆ. ಈ ಸಮಾರಂಭಗಳನ್ನು ನಂಬಿ ಬದುಕುವ ಛಾಯಾಗ್ರಾಹಕರು, ಅವರಿಗೆ ಉಪಕರಣ ಮಾರುವ ವರ್ತಕರು, ದುರಸ್ತಿ ಮಾಡುವ ಕುಶಲಕರ್ಮಿಗಳು, ಬಿಡಿಭಾಗ ತಯಾರಿಸುವ ಸಣ್ಣ ಘಟಕಗಳು ಒಂದೇ ಸರಪಣಿಯ ಕೊಂಡಿಗಳು.

ಈ ಸರಪಣಿಯಲ್ಲಿ ಗಾತ್ರದಿಂದ ಸಣ್ಣದಾದರೂ ಪರಿಣಾಮದಿಂದ ದೊಡ್ಡದಾದ ವಸ್ತುವೊಂದಿದೆ. ಅದೇ ಫ್ಲಾಶ್‌ಗೆ ಹೊರಗಿನಿಂದ ಜೋಡಿಸುವ ಬ್ಯಾಟರಿ ಪ್ಯಾಕ್. ಮಾಂಗಲ್ಯಧಾರಣೆಯ ಕ್ಷಣ ಮತ್ತೆ ಬರುವುದಿಲ್ಲ. ಆ ಕ್ಷಣದಲ್ಲಿ ಫ್ಲಾಶ್ ಸಿದ್ಧವಾಗಿರದಿದ್ದರೆ ಲಕ್ಷ ರೂಪಾಯಿಯ ಕ್ಯಾಮೆರಾವೂ ಕತ್ತಲೆಯನ್ನಷ್ಟೇ ಸೆರೆಹಿಡಿಯುತ್ತದೆ. ಹೀಗಿದ್ದರೂ ಈ ಪ್ಯಾಕನ್ನು ಕೊಳ್ಳುವವರು ಬೆಲೆಯನ್ನೂ ಮಾರುವವರು ಲಾಭಾಂಶವನ್ನೂ ನೋಡುವುದೇ ಹೆಚ್ಚು. ಇವೆರಡಕ್ಕಿಂತ ಮೊದಲು ನೋಡಬೇಕಾದ ಸಂಗತಿಗಳು ಯಾವುವು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಫ್ಲಾಶ್ ಕೆಲಸ ಮಾಡುವ ಬಗೆ

ಕ್ಯಾಮೆರಾದ ಮೇಲೆ ಕೂರುವ ಸಾಮಾನ್ಯ ಫ್ಲಾಶ್‌ನಲ್ಲಿ ನಾಲ್ಕು ಎಎ ಗಾತ್ರದ ಸೆಲ್‌ಗಳಿರುತ್ತವೆ. ಅವುಗಳ ಒಟ್ಟು ವೋಲ್ಟೇಜ್ 5ರಿಂದ 6 ವೋಲ್ಟ್ ಮಾತ್ರ. ಆದರೆ ಬೆಳಕು ನೀಡುವ ಝೆನಾನ್ ಕೊಳವೆಗೆ ಬೇಕಾದುದು ಸುಮಾರು 300 ವೋಲ್ಟ್. ಆದ್ದರಿಂದ ಒಳಗಿನ ಪರಿವರ್ತಕ ಮಂಡಲವು ಸೆಲ್‌ಗಳ ವೋಲ್ಟೇಜನ್ನು ಏರಿಸಿ ಕೆಪಾಸಿಟರ್ ಎಂಬ ವಿದ್ಯುತ್ ಧಾರಕದಲ್ಲಿ ಶೇಖರಿಸುತ್ತದೆ. ಗುಂಡಿ ಒತ್ತಿದಾಗ ಆ ಶೇಖರಣೆ ಕ್ಷಣಾರ್ಧದಲ್ಲಿ ಬರಿದಾಗಿ ಬೆಳಕಾಗುತ್ತದೆ. ಕೂಡಲೇ ಧಾರಕವನ್ನು ಮತ್ತೆ ತುಂಬುವ ಕೆಲಸ ಆರಂಭವಾಗುತ್ತದೆ. ಅಮೆರಿಕದ ಎಂ.ಐ.ಟಿ.ಯ ಪ್ರಾಧ್ಯಾಪಕ ಹೆರಾಲ್ಡ್ ಎಡ್ಗರ್ಟನ್ ಅವರು 1930ರ ದಶಕದಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ಫ್ಲಾಶ್‌ನ ಮೂಲತತ್ತ್ವ ಇಂದಿಗೂ ಇದೇ.

ಧಾರಕ ಮತ್ತೆ ತುಂಬಲು ಹಿಡಿಯುವ ಕಾಲವನ್ನು ಕೈಪಿಡಿಗಳಲ್ಲಿ ರೀಸೈಕ್ಲಿಂಗ್ ಟೈಮ್ ಎಂದು ನಮೂದಿಸಿರುತ್ತಾರೆ. ಇದನ್ನು ನಾವು ಮರುಸಿದ್ಧತೆಯ ಅವಧಿ ಎನ್ನೋಣ. ಪೂರ್ಣ ಶಕ್ತಿಯಲ್ಲಿ ಬೆಳಗಿದ ಫ್ಲಾಶ್ ಹೊಸ ಆಲ್ಕಲೈನ್ ಸೆಲ್‌ಗಳೊಡನೆ ಸಾಮಾನ್ಯವಾಗಿ 4ರಿಂದ 5 ಸೆಕೆಂಡುಗಳಲ್ಲಿ ಮರಳಿ ಸಿದ್ಧವಾಗುತ್ತದೆ. ಸೆಲ್ ಸವೆದಂತೆ ಅದರ ಆಂತರಿಕ ರೋಧ ಹೆಚ್ಚಿ ಈ ಅವಧಿ 10 ಸೆಕೆಂಡು ದಾಟುವುದುಂಟು. ಪುನರ್ಭರ್ತಿ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳಿಗೆ ಆಂತರಿಕ ರೋಧ ಕಡಿಮೆಯಾದ್ದರಿಂದ 3 ಸೆಕೆಂಡಿನ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಉತ್ತಮ ಹೊರ ಪ್ಯಾಕ್ ಜೋಡಿಸಿದಲ್ಲಿ ಇದು ಒಂದರಿಂದ ಒಂದೂವರೆ ಸೆಕೆಂಡಿಗೆ ಇಳಿಯುತ್ತದೆ. ಈ ಎರಡು ಸೆಕೆಂಡುಗಳ ಉಳಿತಾಯಕ್ಕಾಗಿಯೇ ಗ್ರಾಹಕನು ಹೊರ ಪ್ಯಾಕಿಗೆ ಹಣ ತೆರುತ್ತಾನೆ.

ಹೊರ ಪ್ಯಾಕಿನ ಎರಡು ವಿಧಗಳು

1. ಕಡಿಮೆ ವೋಲ್ಟೇಜಿನ ಪ್ಯಾಕ್: ಇದು 6 ವೋಲ್ಟ್‌ನ ಆಸುಪಾಸಿನ ವಿದ್ಯುತ್ತನ್ನು ಒದಗಿಸುತ್ತದೆ. ಫ್ಲಾಶ್‌ನ ಸೆಲ್ ಕೋಣೆಯಲ್ಲಿ ಸೆಲ್‌ಗಳ ಬದಲಿಗೆ ಒಂದು ಹುಸಿ ಅಚ್ಚನ್ನು ಕೂರಿಸಿ ತಂತಿಯಿಂದ ಪ್ಯಾಕಿಗೆ ಜೋಡಿಸಲಾಗುತ್ತದೆ. ಫ್ಲಾಶ್‌ಗಳ ಸಂಖ್ಯೆ ಬಹಳವಾಗಿ ಹೆಚ್ಚುತ್ತದೆ. ಆದರೆ ಏರಿಕೆಯ ಕೆಲಸವನ್ನು ಫ್ಲಾಶ್‌ನ ಒಳಗಿನ ಪರಿವರ್ತಕವೇ ಮಾಡಬೇಕಾದುದರಿಂದ ವೇಗದಲ್ಲಿ ಹೆಚ್ಚಿನ ಲಾಭವಿಲ್ಲ.

2. ಅಧಿಕ ವೋಲ್ಟೇಜಿನ ಪ್ಯಾಕ್: ಇದರೊಳಗೇ ಪ್ರತ್ಯೇಕ ಪರಿವರ್ತಕವಿದ್ದು, ಸುಮಾರು 300 ವೋಲ್ಟ್ ವಿದ್ಯುತ್ತನ್ನು ಫ್ಲಾಶ್‌ನ ಧಾರಕಕ್ಕೆ ನೇರವಾಗಿ ಕಳುಹಿಸುತ್ತದೆ. ವೇಗ ದೊರೆಯುವುದು ಇದರಿಂದಲೇ. ಕ್ಯಾನನ್ ಸಂಸ್ಥೆಯ ಸಿಪಿ-ಇ4, ನಿಕಾನ್ ಸಂಸ್ಥೆಯ ಎಸ್‌ಡಿ-9, ಒಂದು ಕಾಲದಲ್ಲಿ ವೃತ್ತಿಪರರ ನಡುವೆ ಹೆಸರಾಗಿದ್ದ ಅಮೆರಿಕದ ಕ್ವಾಂಟಮ್ ಟರ್ಬೊ, ಚೀನಾದ ಗೋಡಾಕ್ಸ್ ಸಂಸ್ಥೆಯ ಪಿಬಿ-960 ಇವೆಲ್ಲವೂ ಈ ವರ್ಗಕ್ಕೆ ಸೇರಿದವು.

ಗ್ರಾಹಕರಿಗೆ ಎರಡು ವಿಷಯಗಳನ್ನು ಸ್ಪಷ್ಟಪಡಿಸುವುದು ಅಗತ್ಯ. ಮೊದಲನೆಯದಾಗಿ, ಅಧಿಕ ವೋಲ್ಟೇಜಿನ ಪ್ಯಾಕ್ ಧಾರಕವನ್ನು ಮಾತ್ರ ತುಂಬುತ್ತದೆ. ಫ್ಲಾಶ್‌ನ ನಿಯಂತ್ರಣ ಮಂಡಲಕ್ಕೆ ಒಳಗಿನ ಸೆಲ್‌ಗಳು ಬೇಕೇ ಬೇಕು. ಎರಡನೆಯದಾಗಿ, ಎಲ್ಲ ಫ್ಲಾಶ್‌ಗಳಿಗೂ ಇಂತಹ ಪ್ಯಾಕ್ ಜೋಡಿಸುವ ಕಿಂಡಿ ಇರುವುದಿಲ್ಲ. ಕ್ಯಾನನ್‌ನ 580ಇಎಕ್ಸ್ 2 ಮತ್ತು 600ಇಎಕ್ಸ್-ಆರ್‌ಟಿ ಮಾದರಿಗಳಿಗೆ ಅದಿದೆ, 430ಇಎಕ್ಸ್ ಮಾದರಿಗೆ ಇಲ್ಲ. ನಿಕಾನ್‌ನ ಎಸ್‌ಬಿ-900, ಎಸ್‌ಬಿ-910 ಮತ್ತು ಎಸ್‌ಬಿ-5000ಕ್ಕೆ ಇದೆ, ಎಸ್‌ಬಿ-700ಕ್ಕೆ ಇಲ್ಲ. ಕ್ಯಾನನ್, ನಿಕಾನ್ ಮತ್ತು ಸೋನಿಯ ಕಿಂಡಿಗಳ ಜೋಡಣೆ ಪರಸ್ಪರ ಭಿನ್ನವಾದುದರಿಂದ ಪ್ಯಾಕಿನೊಡನೆ ಸರಿಯಾದ ಕೇಬಲ್ ಕೊಡುವುದು ವರ್ತಕನ ಹೊಣೆ.

ಲೆಕ್ಕಾಚಾರವೇ ಮೊದಲ ಪರೀಕ್ಷೆ

ಪ್ಯಾಕಿನ ಮೇಲೆ ಮಿಲಿ ಆಂಪಿಯರ್-ಅವರ್ ಎಂಬ ಅಂಕಿಯನ್ನು ದೊಡ್ಡದಾಗಿ ಮುದ್ರಿಸುವುದು ವಾಡಿಕೆ. ವೋಲ್ಟೇಜನ್ನು ಬಿಟ್ಟು ಈ ಅಂಕಿಯನ್ನಷ್ಟೇ ನೋಡಿದರೆ ಏನೂ ತಿಳಿಯದು. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದಾಗ ದೊರೆಯುವ ವ್ಯಾಟ್-ಅವರ್ ಮಾತ್ರ ನಿಜವಾದ ಸಾಮರ್ಥ್ಯ.

ವೃತ್ತಿಪರ ಫ್ಲಾಶ್ ಒಂದು ಬಾರಿ ಪೂರ್ಣ ಶಕ್ತಿಯಲ್ಲಿ ಬೆಳಗಲು ಸುಮಾರು 75 ಜೌಲ್ ಬೇಕೆಂದೂ, ಪರಿವರ್ತಕದ ದಕ್ಷತೆ ಶೇ. 65 ಎಂದೂ ಹಿಡಿಯೋಣ. ಆಗ ಬ್ಯಾಟರಿಯಿಂದ ಸುಮಾರು 115 ಜೌಲ್ ಖರ್ಚಾಗುತ್ತದೆ. 1.2 ವೋಲ್ಟ್, 1,900 ಮಿಲಿ ಆಂಪಿಯರ್-ಅವರ್‌ನ ನಾಲ್ಕು ನಿಕಲ್ ಸೆಲ್‌ಗಳ ಸಾಮರ್ಥ್ಯ 9 ವ್ಯಾಟ್-ಅವರ್‌ಗೆ ತುಸು ಹೆಚ್ಚು. ಕಾಗದದ ಮೇಲೆ 285 ಫ್ಲಾಶ್, ಬಳಕೆಯಲ್ಲಿ 150ರಿಂದ 200. ಹೊರ ಪ್ಯಾಕ್ 11.1 ವೋಲ್ಟ್, 4,500 ಮಿಲಿ ಆಂಪಿಯರ್-ಅವರ್‌ನದಾದರೆ ಸಾಮರ್ಥ್ಯ 50 ವ್ಯಾಟ್-ಅವರ್. ಕಾಗದದ ಮೇಲೆ 1,500ಕ್ಕೂ ಹೆಚ್ಚು, ಬಳಕೆಯಲ್ಲಿ 1,000 ಎಂದು ಹಿಡಿಯುವುದು ಸುರಕ್ಷಿತ. ಯಾವುದೇ ಪ್ಯಾಕ್ ತನ್ನ ವ್ಯಾಟ್-ಅವರ್‌ಗೆ ಹೊಂದದಷ್ಟು ಫ್ಲಾಶ್‌ಗಳ ಭರವಸೆ ನೀಡುತ್ತಿದ್ದರೆ ಆ ಭರವಸೆಯನ್ನು ಸಂಶಯದಿಂದ ನೋಡತಕ್ಕದ್ದು.

ಮೊಬೈಲ್ ಫೋನಿನ ಪವರ್ ಬ್ಯಾಂಕನ್ನೇ ಫ್ಲಾಶ್‌ಗೆ ಜೋಡಿಸಬಹುದಲ್ಲವೇ ಎಂದು ಅನೇಕ ಗ್ರಾಹಕರು ಕೇಳುವುದುಂಟು. ಇದಕ್ಕೂ ಅದೇ ಲೆಕ್ಕ ಉತ್ತರಿಸುತ್ತದೆ. 5 ವೋಲ್ಟ್, 2 ಆಂಪಿಯರ್‌ನ ಪವರ್ ಬ್ಯಾಂಕ್ ಕೊಡುವುದು ಸೆಕೆಂಡಿಗೆ 10 ಜೌಲ್. 115 ಜೌಲ್ ಒದಗಿಸಲು ಅದಕ್ಕೆ 11 ಸೆಕೆಂಡಿಗೂ ಹೆಚ್ಚು ಕಾಲ ಬೇಕು. ಬಿಡುವಿನಲ್ಲಿ ಬ್ಯಾಟರಿ ಭರ್ತಿ ಮಾಡಲು ಅದು ಉಪಯುಕ್ತ. ಮುಹೂರ್ತದ ವೇಳೆಗೆ ನಿರುಪಯುಕ್ತ.

ವೆಚ್ಚದ ತುಲನೆ

ಈಗ ಹಣದ ವಿಚಾರ. ಕೆಳಗಿನ ಬೆಲೆಗಳು ಲೆಕ್ಕ ತೋರಿಸಲು ಊಹಿಸಿಕೊಂಡವು. ಓದುಗರು ತಮ್ಮ ಪೇಟೆಯ ಬೆಲೆಯನ್ನು ಹಾಕಿ ನೋಡಬಹುದು. ಒಬ್ಬ ಛಾಯಾಗ್ರಾಹಕನು ವರ್ಷಕ್ಕೆ 60 ಸಮಾರಂಭ ಮಾಡುತ್ತಾನೆ, ಪ್ರತಿಯೊಂದಕ್ಕೂ 400 ಪೂರ್ಣ ಫ್ಲಾಶ್‌ಗಳಿಗೆ ಸಮನಾದ ಶಕ್ತಿ ಬೇಕು ಎಂದಿಟ್ಟುಕೊಳ್ಳೋಣ.

– ಆಲ್ಕಲೈನ್: ನಾಲ್ಕು ಸೆಲ್‌ಗೆ 160 ರೂ., 120 ಫ್ಲಾಶ್. ಒಂದಕ್ಕೆ 1 ರೂ. 33 ಪೈಸೆ, ಒಂದು ಸಮಾರಂಭಕ್ಕೆ 530 ರೂ. ಮೀರಿ.

– ನಿಕಲ್ ಮೆಟಲ್ ಹೈಡ್ರೈಡ್: ಚಾರ್ಜರ್ ಸಹಿತ 2,400 ರೂ., 300 ಬಾರಿ ಭರ್ತಿ, ಪ್ರತಿ ಭರ್ತಿಗೆ 150 ಫ್ಲಾಶ್. ಒಂದಕ್ಕೆ 5.3 ಪೈಸೆ, ಒಂದು ಸಮಾರಂಭಕ್ಕೆ ಸುಮಾರು 21 ರೂ.

– ಹೊರ ಪ್ಯಾಕ್: 9,000 ರೂ., 5 ವರ್ಷದ ಆಯುಷ್ಯ, ಒಟ್ಟು 1,20,000 ಫ್ಲಾಶ್. ಒಂದಕ್ಕೆ 7.5 ಪೈಸೆ, ಒಂದು ಸಮಾರಂಭಕ್ಕೆ 30 ರೂ.

ಈ ಲೆಕ್ಕದಿಂದ ಎರಡು ಸಂಗತಿಗಳು ಹೊರಬೀಳುತ್ತವೆ. ಆಲ್ಕಲೈನ್ ಸೆಲ್‌ಗಳನ್ನು ಇನ್ನೂ ಕೊಳ್ಳುತ್ತಿರುವ ವೃತ್ತಿಪರನು ವರ್ಷಕ್ಕೆ 30,000 ರೂ.ಗಳಷ್ಟನ್ನು ಕಸದ ಬುಟ್ಟಿಗೆ ಹಾಕುತ್ತಿದ್ದಾನೆ. ಮತ್ತು ನಿಕಲ್ ಸೆಲ್‌ಗಳಿಗೆ ಹೋಲಿಸಿದರೆ ಹೊರ ಪ್ಯಾಕ್ ಹಣ ಉಳಿಸುವ ವಸ್ತುವಲ್ಲ. ಸಮಾರಂಭವೊಂದಕ್ಕೆ 9 ರೂ. ಹೆಚ್ಚು ತೆತ್ತು ವೇಗವನ್ನು ಕೊಳ್ಳುವ ವಸ್ತು. ಆದ್ದರಿಂದ ಹಣ ಉಳಿಯುತ್ತದೆ ಎಂದು ಹೇಳಿ ಮಾರಿದ ಪ್ಯಾಕ್ ಹಿಂದಿರುಗಿ ಬರುವ ಸಂಭವವುಂಟು. ಸಮಯ ಉಳಿಯುತ್ತದೆ ಎಂದು ತಿಳಿಸಿ ಮಾರಿದರೆ ಗ್ರಾಹಕನು ತನಗೆ ಬೇಕಾದುದನ್ನೇ ಕೊಂಡಿರುತ್ತಾನೆ.

ಯಾರಿಗೆ ಬೇಕು, ಯಾರಿಗೆ ಬೇಡ

ಆರತಕ್ಷತೆಯಲ್ಲಿ ಎರಡು ಗಂಟೆ ಕಾಲ, 15 ಸೆಕೆಂಡಿಗೊಂದು ಬಂಧುವರ್ಗ, ಪ್ರತಿ ವರ್ಗಕ್ಕೆ ಎರಡು ಚಿತ್ರ ಎಂದರೆ 960 ಫ್ಲಾಶ್‌ಗಳಾದವು. ಇವೆಲ್ಲವನ್ನೂ ಪೂರ್ಣ ಶಕ್ತಿಯಲ್ಲಿ ಬೆಳಗಿಸಬೇಕೆಂದೇನೂ ಇಲ್ಲ. ಕ್ಯಾಮೆರಾದ ಐ.ಎಸ್.ಒ. ಸಂವೇದನೆಯನ್ನು 400ರಿಂದ 1600ಕ್ಕೆ ಏರಿಸಿದರೆ ಅಷ್ಟೇ ಬೆಳಕಿಗೆ ನಾಲ್ಕನೆಯ ಒಂದು ಭಾಗ ಶಕ್ತಿ ಸಾಕು. ಮರುಸಿದ್ಧತೆಯ ಅವಧಿಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಆಗ ಈ 960 ಫ್ಲಾಶ್‌ಗಳು 240 ಪೂರ್ಣ ಫ್ಲಾಶ್‌ಗಳಿಗೆ ಸಮ. ಎರಡು ಜೊತೆ ನಿಕಲ್ ಸೆಲ್‌ಗಳಿಂದ ನಿಭಾಯಿಸಬಹುದಾದ ಕೆಲಸವಿದು. ಬಿಳಿಯ ತಗ್ಗು ಚಾವಣಿಯ ಕಲ್ಯಾಣ ಮಂಟಪಗಳಲ್ಲೇ ಹೆಚ್ಚಾಗಿ ಕೆಲಸ ಮಾಡುವ, ಆಧುನಿಕ ಕ್ಯಾಮೆರಾ ಹೊಂದಿರುವ ಛಾಯಾಗ್ರಾಹಕನಿಗೆ ಹೊರ ಪ್ಯಾಕ್ ಅನಿವಾರ್ಯವಲ್ಲ.

ಬಯಲು ಸಮಾರಂಭಗಳ ಪರಿಸ್ಥಿತಿ ಬೇರೆ. ಅರಮನೆ ಮೈದಾನದ ಹುಲ್ಲುಹಾಸಿನಲ್ಲಾಗಲಿ, ಯಲಹಂಕದಾಚೆಯ ತೋಟಗಳಲ್ಲಾಗಲಿ ಬೆಳಕನ್ನು ಪ್ರತಿಫಲಿಸಲು ಚಾವಣಿಯೇ ಇರುವುದಿಲ್ಲ. ಛತ್ರಿ ಅಥವಾ ಮೃದುಪೆಟ್ಟಿಗೆಯ ಮೂಲಕ ಬೆಳಕು ಹಾಯಿಸಬೇಕಾಗುತ್ತದೆ. ಇದರಲ್ಲಿ ಬೆಳಕು ಬಹಳ ನಷ್ಟವಾಗುತ್ತದೆ. ಹಗಲಿನಲ್ಲಿ ಸೂರ್ಯನ ಬೆಳಕಿನೊಡನೆ ಸ್ಪರ್ಧಿಸಬೇಕಾದರಂತೂ ಪೂರ್ಣ ಶಕ್ತಿಯೇ ಬೇಕು. ಎತ್ತರದ ಚಾವಣಿಯ ಸಭಾಂಗಣಗಳೂ ಇದೇ ವರ್ಗಕ್ಕೆ ಸೇರುತ್ತವೆ. ಇಂತಹ ಸ್ಥಳಗಳಲ್ಲಿ ದುಡಿಯುವವರಿಗೆ ಹೊರ ಪ್ಯಾಕ್ ನಿಜವಾದ ನೆರವು. ಗ್ರಾಹಕನು ಎಲ್ಲಿ ಕೆಲಸ ಮಾಡುತ್ತಾನೆ ಎಂದು ವಿಚಾರಿಸುವುದು ಅವನ ಕ್ಯಾಮೆರಾ ಯಾವುದೆಂದು ವಿಚಾರಿಸುವಷ್ಟೇ ಮುಖ್ಯ.

ಸುರಕ್ಷತೆಯ ವಿಚಾರ

300 ವೋಲ್ಟ್ ಎಂಬುದು ನಮ್ಮ ಮನೆಯ ವಿದ್ಯುತ್ತಿನ 230 ವೋಲ್ಟ್‌ಗಿಂತ ಹೆಚ್ಚು. ಧಾರಕದಲ್ಲಿ ಶೇಖರವಾದ ಶಕ್ತಿ ಫ್ಲಾಶ್ ಆರಿಸಿದ ಮೇಲೂ ಉಳಿದಿರುತ್ತದೆ ಮತ್ತು ಪ್ರಾಣಾಪಾಯ ಉಂಟುಮಾಡಬಲ್ಲದು. ತರಬೇತಿಯಿಲ್ಲದವರು ಫ್ಲಾಶನ್ನಾಗಲಿ ಪ್ಯಾಕನ್ನಾಗಲಿ ಬಿಚ್ಚಲೇಬಾರದು. ಸೀಳಿದ ಕೇಬಲ್‌ಗೆ ಅಂಟುಪಟ್ಟಿ ಸುತ್ತಿ ಬಳಸುವ ಅಭ್ಯಾಸವನ್ನು ಸಂಪೂರ್ಣ ತ್ಯಜಿಸಬೇಕು. ಬಯಲಿನಲ್ಲಿ ತುಂತುರು ಮಳೆ ಬಂದರೆ ಮೊದಲು ಪ್ಯಾಕನ್ನು ಆರಿಸುವುದು ಕ್ಷೇಮ.

ವೇಗಕ್ಕೂ ಮಿತಿಯುಂಟು. ಸೆಕೆಂಡಿಗೊಮ್ಮೆ ಪೂರ್ಣ ಶಕ್ತಿಯಲ್ಲಿ ಬೆಳಗಿಸುತ್ತಾ ಹೋದರೆ ಕೊಳವೆ ಕಾದು ಮುಂದಿನ ಪ್ಲಾಸ್ಟಿಕ್ ಗವಾಕ್ಷಿ ಕರಗಬಹುದು. ಸತತ 15ರಿಂದ 20 ಪೂರ್ಣ ಫ್ಲಾಶ್‌ಗಳ ನಂತರ ಸುಮಾರು 10 ನಿಮಿಷ ವಿಶ್ರಾಂತಿ ನೀಡಬೇಕೆಂದು ಅನೇಕ ಕೈಪಿಡಿಗಳು ಸೂಚಿಸುತ್ತವೆ. 2008ರಲ್ಲಿ ಬಂದ ನಿಕಾನ್ ಎಸ್‌ಬಿ-900 ಕಾದಾಗ ತಾನಾಗಿ ನಿಲ್ಲುವ ವ್ಯವಸ್ಥೆ ಹೊಂದಿತ್ತು. ಹಳೆಯ ಅನೇಕ ಮಾದರಿಗಳಿಗೆ ಅದಿಲ್ಲ. ಅವುಗಳಿಗೆ ಪ್ಯಾಕ್ ಮಾರುವಾಗ ಈ ಎಚ್ಚರಿಕೆಯನ್ನು ಬಾಯಿಮಾತಿನಲ್ಲಾದರೂ ಹೇಳಬೇಕು.

ಲಿಥಿಯಂ ಪ್ಯಾಕ್‌ಗಳನ್ನು ತಿಂಗಳುಗಟ್ಟಲೆ ಪೂರ್ಣ ಭರ್ತಿಯಲ್ಲಾಗಲಿ ಪೂರ್ಣ ಬರಿದಾಗಿಯಾಗಲಿ ಇಡಬಾರದು. ಆಷಾಢ ಮತ್ತು ಧನುರ್ಮಾಸಗಳಲ್ಲಿ ಕೆಲಸವಿಲ್ಲದಿರುವಾಗ ಅರ್ಧ ಭರ್ತಿಯಲ್ಲಿ ತಂಪಾದ ಜಾಗದಲ್ಲಿಟ್ಟರೆ ಆಯುಷ್ಯ ಹೆಚ್ಚುತ್ತದೆ. ಉಬ್ಬಿದ ಪ್ಯಾಕನ್ನು ಮತ್ತೆ ಭರ್ತಿ ಮಾಡದೆ ವಿಲೇವಾರಿಗೆ ಒಪ್ಪಿಸತಕ್ಕದ್ದು.

ಕೆಂಪೇಗೌಡ ವಿಮಾನ ನಿಲ್ದಾಣದಿಂದ ಹೊರ ಊರಿನ ವಿವಾಹಗಳಿಗೆ ಹಾರುವ ಛಾಯಾಗ್ರಾಹಕರಿಗೆ ಇನ್ನೊಂದು ಸೂಚನೆ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲಿಯೇ ಒಯ್ಯಬೇಕು. ಸಾಮಾನ್ಯ ನಿಯಮದಂತೆ 100 ವ್ಯಾಟ್-ಅವರ್ ವರೆಗೆ ಅನುಮತಿ ಕೇಳಬೇಕಾಗಿಲ್ಲ. 100ರಿಂದ 160ರ ನಡುವೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ವ್ಯಾಟ್-ಅವರ್ ಮುದ್ರಿಸದ ಪ್ಯಾಕ್ ತಪಾಸಣೆಯ ಬಳಿಯೇ ಉಳಿಯಬಹುದು.

ವರ್ತಕರ ಹೊಣೆಗಾರಿಕೆ

ಪುನರ್ಭರ್ತಿ ಮಾಡಬಹುದಾದ ಕೈಬಳಕೆಯ ನಿಕಲ್ ಮತ್ತು ಲಿಥಿಯಂ ಬ್ಯಾಟರಿಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಗೆ ಒಳಪಟ್ಟಿವೆ. ಎಲೆಕ್ಟ್ರಾನಿಕ್ ಸರಕುಗಳಿಗೆ ಸಂಬಂಧಿಸಿದ 2012ರ ಆದೇಶದ ವ್ಯಾಪ್ತಿಗೆ ಇವನ್ನು ನಂತರ ಸೇರಿಸಲಾಯಿತು. ಆ ಆದೇಶದ ಸ್ಥಾನದಲ್ಲಿ ಈಗ 2021ರ ಆದೇಶವಿದೆ. ಅನ್ವಯವಾಗುವ ಮಾನಕ ಐ.ಎಸ್. 16046, ಇದರ ಮೊದಲ ಭಾಗ ನಿಕಲ್ ಬ್ಯಾಟರಿಗಳಿಗೆ, ಎರಡನೆಯ ಭಾಗ ಲಿಥಿಯಂ ಬ್ಯಾಟರಿಗಳಿಗೆ. ಸರಕಿನ ಮೇಲೆ ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ಹಾಕಿ ಸಾಚಾತನವನ್ನು ಪರಿಶೀಲಿಸಬಹುದು. ಸಗಟು ಸರಕನ್ನು ಒಪ್ಪಿಕೊಳ್ಳುವ ಮುನ್ನ ಒಂದು ನಿಮಿಷದ ಈ ಕೆಲಸ ಮುಂದಿನ ಅನೇಕ ತೊಂದರೆಗಳನ್ನು ತಪ್ಪಿಸುತ್ತದೆ.

ತೊಂದರೆ ಎಂದರೆ ಬರಿಯ ದಂಡವಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಉತ್ಪನ್ನದ ದೋಷದಿಂದಾಗುವ ಹಾನಿಗೆ ಹೊಣೆಗಾರಿಕೆಯನ್ನು ನಿಗದಿಪಡಿಸಿದೆ. ತಯಾರಕರು ಯಾರೆಂದೇ ತಿಳಿಯದ ಸರಕನ್ನು ಮಾರಿದ ಪಕ್ಷದಲ್ಲಿ ಆ ಹೊಣೆ ಮಾರಿದವನ ಮೇಲೆ ಬರುವ ಅವಕಾಶವಿದೆ. ಹೆಸರು, ವಿಳಾಸ, ಗರಿಷ್ಠ ಚಿಲ್ಲರೆ ಬೆಲೆ ಹಾಗೂ ಆಮದು ಸರಕಾದರೆ ಮೂಲ ದೇಶದ ವಿವರ ಪೊಟ್ಟಣದ ಮೇಲೆ ಇರಬೇಕೆಂಬುದು ಪೊಟ್ಟಣ ಸರಕುಗಳ ನಿಯಮದ ಅಗತ್ಯವೂ ಹೌದು. ಅಗ್ಗಕ್ಕೆ ದೊರೆತ ಹೆಸರಿಲ್ಲದ ಪ್ಯಾಕ್ ಕಲ್ಯಾಣ ಮಂಟಪದಲ್ಲಿ ಹೊತ್ತಿಕೊಂಡರೆ ಅದರ ನೂರಿನ್ನೂರು ರೂಪಾಯಿಯ ಲಾಭ ಯಾವ ಲೆಕ್ಕಕ್ಕೂ ಬಾರದು.

ತೆರಿಗೆಯ ವಿಚಾರದಲ್ಲಿ, ಲಿಥಿಯಂ-ಅಯಾನ್ ಬ್ಯಾಟರಿಗಳ ಮೇಲಿನ ಜಿ.ಎಸ್.ಟಿ. 2018ರ ಜುಲೈನಲ್ಲಿ ಶೇ. 28ರಿಂದ 18ಕ್ಕೆ ಇಳಿಯಿತು. ಇತರ ಪುನರ್ಭರ್ತಿ ಬ್ಯಾಟರಿಗಳಿಗೂ 2025ರ ಸೆಪ್ಟೆಂಬರ್ 22ರಿಂದ ಶೇ. 18ರ ದರ ಅನ್ವಯಿಸಿತು. ಹೀಗಾಗಿ ಎರಡು ವಿಧಗಳ ನಡುವೆ ತೆರಿಗೆಯ ಅಂತರ ಇಲ್ಲವಾಗಿದೆ.

ಸಣ್ಣ ತಯಾರಕರಿಗೆ ಅವಕಾಶ ಎಲ್ಲಿದೆ?

ಯಶವಂತಪುರದ ನೆರೆಯ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿಯೂ, 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಜಾಲಹಳ್ಳಿಯ ಸುತ್ತಮುತ್ತಲಲ್ಲಿಯೂ ಎಲೆಕ್ಟ್ರಾನಿಕ್ಸ್ ಬಲ್ಲ ಸಣ್ಣ ಘಟಕಗಳಿಗೆ ಕೊರತೆಯಿಲ್ಲ. ಇಂತಹ ಪ್ಯಾಕನ್ನು ನಾವೇ ಕಟ್ಟಿ ಮಾರಬಾರದೇಕೆ ಎಂಬ ಆಲೋಚನೆ ಸಹಜ. ಆದರೆ ಮಾರುಕಟ್ಟೆಯ ದಿಕ್ಕನ್ನು ಮೊದಲು ನೋಡಬೇಕು. ಗೋಡಾಕ್ಸ್ ಸಂಸ್ಥೆಯ ವಿ860 ಸರಣಿ ಹಾಗೂ 2019ರ ವಿ1, ಕ್ಯಾನನ್ 2020ರಲ್ಲಿ ಪ್ರಕಟಿಸಿದ ಇಎಲ್-1 ಇವುಗಳಲ್ಲಿ ಲಿಥಿಯಂ ಬ್ಯಾಟರಿ ಫ್ಲಾಶ್‌ನ ಒಳಗೇ ಇದೆ. ಇವು ಹೊರ ಪ್ಯಾಕಿಲ್ಲದೆಯೇ ವೇಗವಾಗಿ ಮರುಸಿದ್ಧವಾಗುತ್ತವೆ. ಹೊಸ ಫ್ಲಾಶ್ ಕೊಳ್ಳುವವರಲ್ಲಿ ಹೊರ ಪ್ಯಾಕಿನ ಅಗತ್ಯ ಕಡಿಮೆಯಾಗುತ್ತಿದೆ. ಬೇಡಿಕೆ ಉಳಿದಿರುವುದು ಎಎ ಸೆಲ್‌ಗಳ ಉತ್ತಮ ಫ್ಲಾಶ್‌ಗಳನ್ನು ಈಗಾಗಲೇ ಹೊಂದಿರುವವರಲ್ಲಿ. ವರ್ತಕರೂ ಇದನ್ನು ಗಮನಿಸಿ ದಾಸ್ತಾನನ್ನು ಮಿತಿಯಲ್ಲಿಡುವುದು ವಿವೇಕ.

ಜೊತೆಗೆ ನಿಯಮಗಳ ವೆಚ್ಚವಿದೆ. ಸೆಲ್‌ಗೆ ನೋಂದಣಿ ಇದ್ದರೆ ಸಾಲದು, ಅದರಿಂದ ಕಟ್ಟಿ ಸ್ವಂತ ಹೆಸರಿನಲ್ಲಿ ಮಾರುವ ಪ್ಯಾಕಿಗೂ ಪರೀಕ್ಷೆ ಮತ್ತು ನೋಂದಣಿ ಬೇಕು. 2022ರ ಆಗಸ್ಟ್‌ನಲ್ಲಿ ಹೊರಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಸ್ವಂತ ಹೆಸರಿನಲ್ಲಿ ಬ್ಯಾಟರಿ ಮಾರುವವರು ಉತ್ಪಾದಕರೆನಿಸುತ್ತಾರೆ. ಬಳಸಿ ಬಿಟ್ಟ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯೂ ಅವರದೇ. ವರ್ಷಕ್ಕೆ ಕೆಲವು ನೂರು ಪ್ಯಾಕ್ ಮಾರುವ ಘಟಕಕ್ಕೆ ಈ ಭಾರ ಹೊರಲಾಗದು.

ಆದರೆ ಬ್ಯಾಟರಿಯ ಸುತ್ತಲಿನ ವಸ್ತುಗಳಲ್ಲಿ ಒಳ್ಳೆಯ ಅವಕಾಶವುಂಟು. ಗಟ್ಟಿಯಾದ ಹೊದಿಕೆಯ, ಸರಿಯಾದ ನಿರೋಧಕ ಗುಣಮಟ್ಟದ ಕೇಬಲ್‌ಗಳು, ಸೆಲ್ ಕೋಣೆಗೆ ಹೊಂದುವ ಹುಸಿ ಅಚ್ಚುಗಳು, ಸೊಂಟಪಟ್ಟಿಗೆ ಸಿಕ್ಕಿಸುವ ಚೀಲಗಳು, ಸ್ಟ್ಯಾಂಡ್‌ಗೆ ಬಿಗಿಯುವ ಹಿಡಿಕೆಗಳು, ಸೆಲ್‌ಗಳ ನಿಜ ಸಾಮರ್ಥ್ಯವನ್ನು ಅಳೆದು ಕೊಡುವ ಸೇವೆ ಇವೆಲ್ಲವೂ ನಮ್ಮ ಘಟಕಗಳ ಅಳವಿಗೆ ದಕ್ಕುವಂಥವು. ಪ್ಯಾಕ್ ಹಾಳಾಗುವ ಮೊದಲು ಕೇಬಲ್ ಹಾಳಾಗುವುದೇ ಹೆಚ್ಚು. ಮುಹೂರ್ತದ ಹಿಂದಿನ ದಿನ ಒಳ್ಳೆಯ ಕೇಬಲ್ ಹುಡುಕುವ ಗ್ರಾಹಕನು ಬೆಲೆಗಾಗಿ ಚೌಕಾಸಿ ಮಾಡುವುದಿಲ್ಲ. ಮಾನಕಗಳ ಬಗ್ಗೆ ಮಾಹಿತಿ ಬೇಕಾದವರಿಗೆ ಬ್ಯೂರೋದ ಬೆಂಗಳೂರು ಶಾಖಾ ಕಚೇರಿ ಪೀಣ್ಯದಲ್ಲಿಯೇ ಇರುವುದು ಅನುಕೂಲಕರ.

ಕೊಳ್ಳುವ ಮುನ್ನ ಕೇಳಬೇಕಾದ ಆರು ಪ್ರಶ್ನೆಗಳು

1. ನನ್ನ ಫ್ಲಾಶ್‌ಗೆ ಹೊರ ಪ್ಯಾಕ್ ಜೋಡಿಸುವ ಕಿಂಡಿ ಇದೆಯೇ, ಅದಕ್ಕೆ ಸರಿಹೊಂದುವ ಕೇಬಲ್ ದೊರೆಯುತ್ತದೆಯೇ?
2. ಪ್ಯಾಕಿನ ಸಾಮರ್ಥ್ಯ ಎಷ್ಟು ವ್ಯಾಟ್-ಅವರ್? ಅದು ಲೇಬಲ್‌ನಲ್ಲಿ ಮುದ್ರಿತವಾಗಿದೆಯೇ?
3. ಪೂರ್ಣ ಶಕ್ತಿಯಲ್ಲಿ ಮರುಸಿದ್ಧತೆಗೆ ಎಷ್ಟು ಸೆಕೆಂಡು? ಅಂಗಡಿಯಲ್ಲಿಯೇ ಹತ್ತು ಬಾರಿ ಬೆಳಗಿಸಿ ನೋಡಬಹುದೇ?
4. ನೋಂದಣಿ ಸಂಖ್ಯೆ ಇದೆಯೇ? ಅದು ಸಾಚಾ ಎಂದು ಪರಿಶೀಲಿಸಲಾಗಿದೆಯೇ?
5. ಒಳಗಿನ ಬ್ಯಾಟರಿ ಸವೆದಾಗ ಬದಲಿ ಬ್ಯಾಟರಿ ಸಿಗುತ್ತದೆಯೇ, ಅಥವಾ ಇಡೀ ಪ್ಯಾಕನ್ನೇ ಎಸೆಯಬೇಕೇ?
6. ಖಾತರಿ ಎಷ್ಟು ತಿಂಗಳು, ದುರಸ್ತಿ ಎಲ್ಲಿ?

ಈ ಆರು ಪ್ರಶ್ನೆಗಳಿಗೆ ಗ್ರಾಹಕನು ಕೇಳುವ ಮೊದಲೇ ಉತ್ತರ ಸಿದ್ಧವಿರುವ ಅಂಗಡಿಗೆ ಛಾಯಾಗ್ರಾಹಕರು ಮತ್ತೆ ಬರುತ್ತಾರೆ. ನಿನಗೆ ಹೊರ ಪ್ಯಾಕ್ ಬೇಡ, ಒಳ್ಳೆಯ ನಿಕಲ್ ಸೆಲ್‌ಗಳು ಸಾಕು ಎಂದು ಅಗತ್ಯವಿದ್ದಾಗ ಹೇಳಬಲ್ಲ ವರ್ತಕನು ಅಂದಿನ ಒಂದು ಮಾರಾಟವನ್ನು ಬಿಟ್ಟುಕೊಟ್ಟರೂ ಮುಂದಿನ ಹಂಗಾಮಿನ ಕ್ಯಾಮೆರಾ, ಲೆನ್ಸ್ ಮತ್ತು ದೀಪಗಳ ಮಾರಾಟವನ್ನು ತನ್ನದಾಗಿಸಿಕೊಳ್ಳುತ್ತಾನೆ. ಆಷಾಢದ ಬಿಡುವಿನಲ್ಲಿ ದಾಸ್ತಾನಿನ ಲೇಬಲ್‌ಗಳನ್ನೂ ಕೇಬಲ್‌ಗಳನ್ನೂ ಒಮ್ಮೆ ಪರಿಶೀಲಿಸಿ, ನೋಂದಣಿಯಿಲ್ಲದ ಸರಕನ್ನು ಸರಬರಾಜುದಾರರಿಗೆ ಹಿಂದಿರುಗಿಸುವ ಕಾರ್ಯವನ್ನು ಸದಸ್ಯರು ಕೈಗೊಳ್ಳುವುದು ಸೂಕ್ತ.